ಯೋನನ ಹರಳುಗಿಡ ಮತ್ತು ಒಂದು ಹುಳ: ಯಹೂದಿ ಹಬ್ಬದ ಪಠ್ಯ ಹಿಡಿದು ಪರಿಸರದ ಕತೆ, ಕವಿತೆ ಬರೆಯುವುದು ಹೇಗೆ

ಮೊದಲ ಸಲ ಇಂಥದ್ದೊಂದು ಬರೆಯಲು ಕೂತಾಗ ನಾನು ಬರೆದದ್ದು ಹದಿನಾರು ಸಾಲಿನ ಕವಿತೆ. ಅದರಲ್ಲಿ ಬೈಬಲಿನ ನೋಹ ಇದ್ದ, ಪ್ರವಾಹ ಇತ್ತು, ಪಾರಿವಾಳ ಇತ್ತು, ಕೊನೆಗೆ ಎಲ್ಲರೂ ಗಿಡ ನೆಡೋಣ ಬನ್ನಿ ಅಂತ ಕರೆಯೂ ಇತ್ತು. ಓದಿದ ಗೆಳತಿ ಒಂದೇ ಮಾತು ಹೇಳಿದಳು: "ಇದು ಅರಣ್ಯ ಇಲಾಖೆಯ ಬೋರ್ಡ್ ಥರ ಇದೆ." ಬೇಜಾರಾಯಿತು. ಆದರೆ ನಿಜ. ಇನ್ನೊಂದು ತಪ್ಪು ಆಮೇಲೆ ಗೊತ್ತಾಯಿತು. ನೋಹನ ಕತೆ ಯಹೂದಿಗಳು ಹಬ್ಬದ ದಿನ ಓದುವ ಭಾಗವೇ ಅಲ್ಲ. ಅದು ಶರತ್ಕಾಲದ ಹಬ್ಬಗಳೆಲ್ಲ ಮುಗಿದ ಮೇಲೆ ವಾರದ ಪಾಠದಲ್ಲಿ ಬರುತ್ತದೆ.

ಹಾಗಾಗಿ ಈ ಲೇಖನದಲ್ಲಿ ನಾನು ಎಡವಿದ ದಾರಿಯನ್ನೇ ಮೆಟ್ಟಿಲು ಮೆಟ್ಟಿಲಾಗಿ ಬರೆದಿದ್ದೇನೆ. ಹೀಬ್ರೂ ಬರಬೇಕಾಗಿಲ್ಲ. ಯಹೂದಿ ಆಗಿರಬೇಕಾಗಿಲ್ಲ. ಒಂದು ನೋಟ್‌ಬುಕ್, ಸ್ವಲ್ಪ ತಾಳ್ಮೆ ಇದ್ದರೆ ಸಾಕು.

ಮೊದಲು ಹಬ್ಬ, ಆಮೇಲೆ ವಿಷಯ

"ಹವಾಮಾನ ಬದಲಾವಣೆ ಬಗ್ಗೆ ಬರೆಯುತ್ತೇನೆ" ಎಂದು ಶುರು ಮಾಡಬೇಡಿ. ಹಬ್ಬದಿಂದ ಶುರು ಮಾಡಿ. ಯಹೂದಿ ಪಂಚಾಂಗ ನಮ್ಮ ಚಾಂದ್ರಮಾನದ ಹಾಗೆಯೇ ಚಂದ್ರನ ತಿಂಗಳನ್ನು ಎಣಿಸುತ್ತದೆ. ಆಗಾಗ ಒಂದು ಅಧಿಕ ಮಾಸ ಸೇರಿಸಿಕೊಂಡು ಋತುವಿನ ಜೊತೆ ಹೆಜ್ಜೆ ಹಾಕುತ್ತದೆ. 19 ವರ್ಷಕ್ಕೆ 7 ಅಧಿಕ ಮಾಸ. ಕಾರಣ ಸರಳ. ಪೆಸಾಖ್ (ಈಜಿಪ್ಟಿನಿಂದ ಬಿಡುಗಡೆಯಾದ ನೆನಪಿನ ಹಬ್ಬ) ವಸಂತದಲ್ಲೇ ಬರಬೇಕು, ಸುಕ್ಕೋತ್ (ಗುಡಿಸಲುಗಳ ಹಬ್ಬ) ಸುಗ್ಗಿ ಮುಗಿದ ಮೇಲೇ ಬರಬೇಕು. ಅಂದರೆ ಈ ಹಬ್ಬಗಳು ಮಳೆ, ಬೆಳೆಗೆ ಮೊದಲೇ ಗಂಟು ಹಾಕಿಕೊಂಡಿವೆ. ನೀವು ಪರಿಸರವನ್ನು ಹೊರಗಿನಿಂದ ತಂದು ಅಂಟಿಸಬೇಕಾಗಿಲ್ಲ.

ಯಾವ ಹಬ್ಬಕ್ಕೆ ಯಾವ ಓದು ಅಂತ ಬೇಗ ಹೇಳಿಬಿಡುತ್ತೇನೆ. ಯೋಮ್ ಕಿಪ್ಪುರ್ ಉಪವಾಸದ ದಿನ ಮಧ್ಯಾಹ್ನ ಪ್ರವಾದಿ ಯೋನನ ಕತೆ. ಸುಕ್ಕೋತ್‌ನಲ್ಲಿ ಪ್ರಸಂಗಿ ಎಂಬ ಬೈಬಲ್ ಪುಸ್ತಕ. ಪೆಸಾಖ್‌ನಲ್ಲಿ ಊಟದ ಮೇಜಿನ ಸುತ್ತ ಹಗ್ಗಾದಾ (ಬಿಡುಗಡೆಯ ಕತೆ ಹೇಳುವ ಪುಸ್ತಕ), ದೇಗುಲದಲ್ಲಿ ಪರಮಗೀತೆ. ಗೋಧಿ ಸುಗ್ಗಿಯ ಹಬ್ಬ ಶಾವುಓತ್‌ನಲ್ಲಿ ರೂತಳ ಕತೆ, ಅಂದರೆ ಹೊಲದಲ್ಲಿ ಹಕ್ಕಲು ಆಯುವ ಬಡ ಹೆಂಗಸಿನ ಕತೆ. ದೀಪದ ಹಬ್ಬ ಹನುಕ್ಕಾಗೆ ತಾಲ್ಮುಡ್‌ನ (ಗುರುಗಳ ಚರ್ಚೆಗಳ ದೊಡ್ಡ ಗ್ರಂಥ) ಎಣ್ಣೆಯ ಪ್ರಸಂಗ: ಒಂದು ದಿನದ ಎಣ್ಣೆ ಎಂಟು ದಿನ ಉರಿದದ್ದು. ತು ಬಿಶ್ವಾತ್ ಅಂದರೆ ಶೆವಾತ್ ತಿಂಗಳ 15, ಮರಗಳ ಹೊಸ ವರ್ಷ. ಇದು ಜನವರಿ ಅಥವಾ ಫೆಬ್ರವರಿಯಲ್ಲಿ ಬರುತ್ತದೆ.

ಎಲ್ಲರೂ ಹೋಗಿ ಬೀಳುವುದು ಈ ಕೊನೆಯದಕ್ಕೇ. ಹೆಸರಲ್ಲೇ ಮರ ಇದೆಯಲ್ಲ! ಆದರೆ ಅದರ ಹುಟ್ಟು ನೋಡಿ. ತಾಲ್ಮುಡ್‌ಗೆ ಬುನಾದಿಯಾದ ಮಿಶ್ನಾ ಎಂಬ ಹಳೆಯ ನಿಯಮಗ್ರಂಥದ ಪ್ರಕಾರ ಅದು ಹಣ್ಣಿನ ದಶಮಾಂಶ ಲೆಕ್ಕ ಹಾಕುವ ದಿನ. ಈ ತಾರೀಖಿಗೆ ಮುಂಚಿನ ಫಸಲು ಹಳೇ ವರ್ಷದ ಖಾತೆಗೆ, ನಂತರದ್ದು ಹೊಸ ಖಾತೆಗೆ. ನಮ್ಮ ಮಾರ್ಚ್ 31 ಇದ್ದ ಹಾಗೆ. ಶಮ್ಮೈ ಗುರುವಿನ ಕಡೆಯವರು ತಿಂಗಳ 1 ಅಂದರು, ಹಿಲ್ಲೆಲ್ ಕಡೆಯವರು 15 ಅಂದರು, ಹಿಲ್ಲೆಲ್ ಗೆದ್ದ. ಮರಕ್ಕೂ ಆಡಿಟ್ ದಿನ ಅಂತ ಒಂದಿತ್ತು ಎಂಬುದು ನನಗಂತೂ "ಮರಗಳ ಹಬ್ಬ" ಎಂಬ ಮಾತಿಗಿಂತ ಜಾಸ್ತಿ ಇಷ್ಟ. ಅದರಲ್ಲಿ ಕತೆ ಇದೆ.

ಓದುವ ರೀತಿ

ಕನ್ನಡದ ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಯೋನ, ರೂತಳು, ಪ್ರಸಂಗಿ, ಪರಮಗೀತೆ ಎಲ್ಲವೂ ಸಿಗುತ್ತವೆ. ತಾಲ್ಮುಡ್, ಮಿದ್ರಾಶ್ ಬೇಕಿದ್ದರೆ ಸೆಫಾರಿಯಾ ಎಂಬ ಜಾಲತಾಣದಲ್ಲಿ ಹೀಬ್ರೂ ಪಕ್ಕದಲ್ಲೇ ಇಂಗ್ಲಿಷ್ ಅನುವಾದ ಉಚಿತವಾಗಿ ಇದೆ.

ಮೂರು ಸಲ ಓದಿ. ಒಂದು ಸಲ ಜೋರಾಗಿ. ಎರಡನೇ ಸಲ ಪೆನ್ಸಿಲ್ ಹಿಡಿದು ವಸ್ತುಗಳಿಗೆ ಮಾತ್ರ ಗೆರೆ ಎಳೆಯಿರಿ: ಗಿಡ, ಪ್ರಾಣಿ, ಪಾತ್ರೆ, ಗಾಳಿ, ಅಂಕಿ. ದೇವರು, ಪಾಪ, ಕರುಣೆ ಇತ್ಯಾದಿ ದೊಡ್ಡ ಮಾತುಗಳನ್ನು ಮುಟ್ಟಬೇಡಿ. ಮೂರನೇ ಸಲ ಎಲ್ಲಿ ಕತೆ ಸುಮ್ಮನಾಗುತ್ತದೆ ಅಂತ ನೋಡಿ.

ಅನುವಾದದ ಬಗ್ಗೆ ಒಂದು ಎಚ್ಚರಿಕೆ. ಪ್ರಸಂಗಿಯ ಶುರುವಿನಲ್ಲೇ ಕನ್ನಡದಲ್ಲಿ "ವ್ಯರ್ಥ" ಎಂಬ ಪದ ಮತ್ತೆ ಮತ್ತೆ ಬರುತ್ತದೆ. ಹೀಬ್ರೂವಿನಲ್ಲಿ ಆ ಪದ ಹೆವೆಲ್. ಅದರ ಮೂಲ ಅರ್ಥ ಉಸಿರು, ಆವಿ. ಚಳಿಗಾಲದ ಬೆಳಿಗ್ಗೆ ಬಾಯಿಂದ ಬರುವ ಹೊಗೆಯಂಥದ್ದು. "ಎಲ್ಲವೂ ವ್ಯರ್ಥ" ಎಂದಾಗ ಮನುಷ್ಯ ಕೈ ಚೆಲ್ಲುತ್ತಾನೆ. "ಎಲ್ಲವೂ ಆವಿ" ಎಂದಾಗ ಬಾಯ್ಲರ್ ಕಾಣುತ್ತದೆ, ಕಾರಿನ ಹಿಂಭಾಗ ಕಾಣುತ್ತದೆ, ಕೆರೆ ಬತ್ತುವುದು ಕಾಣುತ್ತದೆ. ಒಂದೇ ಪದ ಬದಲಾದರೆ ಕವಿತೆಯೇ ಬೇರೆ. ಹಾಗೆಯೇ ಆದಾಮ್ ಅಂದರೆ ಮನುಷ್ಯ, ಅದಾಮಾ ಅಂದರೆ ನೆಲ. ಈ ಶ್ಲೇಷೆಯನ್ನು ವಿವರಿಸಲು ಹೋಗಬೇಡಿ, ಸತ್ತುಹೋಗುತ್ತದೆ. ಕನ್ನಡದಲ್ಲಿ ಮಣ್ಣು, ಮನುಷ್ಯ ಪಕ್ಕ ಪಕ್ಕ ಇಟ್ಟರೆ ಸಾಕು, ಕಿವಿಯೇ ಉಳಿದ ಕೆಲಸ ಮಾಡುತ್ತದೆ.

ಖಾಲಿ ಜಾಗ ಹುಡುಕಿ

ಇದೇ ಮುಖ್ಯ ಮೆಟ್ಟಿಲು, ಹಾಗಾಗಿ ಇಲ್ಲಿ ಸ್ವಲ್ಪ ಕೂರೋಣ. ಯಹೂದಿಗಳಲ್ಲಿ ಮಿದ್ರಾಶ್ ಅಂತ ಒಂದು ಹಳೆಯ ಪದ್ಧತಿ ಇದೆ. ಪಠ್ಯ ಹೇಳದೆ ಬಿಟ್ಟದ್ದನ್ನು ಕೇಳುವುದು, ಆ ಬಿಟ್ಟ ಜಾಗದಲ್ಲಿ ಕತೆ ಕಟ್ಟುವುದು. ನೀವು ಮಾಡಬೇಕಾದದ್ದೂ ಅದನ್ನೇ. ಉದಾಹರಣೆಗೆ ಯೋನನನ್ನೇ ತೆಗೆದುಕೊಳ್ಳೋಣ. ನಾಲ್ಕೇ ಅಧ್ಯಾಯ, 48 ವಚನ. ಕಾಫಿ ಆರುವಷ್ಟರಲ್ಲಿ ಓದಿ ಮುಗಿಸಬಹುದು.

ನಿನೆವೆಗೆ ಹೋಗಿ ಎಚ್ಚರಿಸು ಅಂತ ದೇವರು ಹೇಳಿದಾಗ ಓಡಿಹೋದ ಯೋನನನ್ನು ನುಂಗಿದ ಮೀನು ಎಲ್ಲರಿಗೂ ನೆನಪಿರುತ್ತದೆ. ನೀವು ಮೀನು ಬಿಟ್ಟು ಸೀದಾ ನಾಲ್ಕನೇ ಅಧ್ಯಾಯಕ್ಕೆ ಹೋಗಿ. ನಿನೆವೆ ಪಟ್ಟಣ ಪಶ್ಚಾತ್ತಾಪ ಪಟ್ಟಿದೆ, ದೇವರು ಕ್ಷಮಿಸಿದ್ದಾನೆ. ಯೋನನಿಗೆ ಸಿಟ್ಟು. ಊರ ಪೂರ್ವಕ್ಕೆ ಹೋಗಿ ಒಂದು ಗುಡಿಸಲು ಹಾಕಿಕೊಂಡು ಕೂರುತ್ತಾನೆ, ಊರಿಗೆ ಏನಾಗುತ್ತೋ ನೋಡೋಣ ಅಂತ. ಹೀಬ್ರೂವಿನಲ್ಲಿ ಆ ಗುಡಿಸಲಿಗೆ ಬಳಸಿದ ಪದ ಸುಕ್ಕಾ. ಯೋಮ್ ಕಿಪ್ಪುರ್ ಆಗಿ ಐದನೇ ದಿನಕ್ಕೆ ಸುಕ್ಕೋತ್ ಹಬ್ಬ. ಆಗ ಯಹೂದಿಗಳು ಸೊಪ್ಪಿನ ಸೂರಿನ ಗುಡಿಸಲು ಕಟ್ಟಿ ಅದರಲ್ಲಿ ಊಟ ಮಾಡುತ್ತಾರೆ, ಅದರ ಹೆಸರೂ ಸುಕ್ಕಾ. ಹಿಂದಿನ ಸಂಜೆಯಿಂದ ಉಪವಾಸ ಇದ್ದವರು ಮಧ್ಯಾಹ್ನ ಇನ್ನೊಬ್ಬನ ಗುಡಿಸಲಿನ ಕತೆ ಕೇಳಿ, ರಾತ್ರಿ ಊಟ ಮಾಡಿ, ತಮ್ಮ ಗುಡಿಸಲಿಗೆ ಮೊದಲ ಗೂಟ ಹೊಡೆಯುತ್ತಾರೆ. ಈ ಒಂದು ವಿವರದಲ್ಲೇ ಸಣ್ಣಕತೆ ಕೂತಿದೆ, ಅಲ್ವಾ?

ಮುಂದೆ ನೋಡಿ. ದೇವರು ಒಂದು ಗಿಡ ಬೆಳೆಸುತ್ತಾನೆ. ಯೋನನಿಗೆ ನೆರಳಾಗುತ್ತದೆ, ಬಹಳ ಖುಷಿ ಪಡುತ್ತಾನೆ. ಮಾರನೇ ದಿನ ಬೆಳಗಿನ ಜಾವ ಹುಳವೊಂದು ಗಿಡವನ್ನು ಕಡಿಯುತ್ತದೆ, ಗಿಡ ಒಣಗುತ್ತದೆ. ಬಿಸಿಲು, ಪೂರ್ವದ ಬಿಸಿಗಾಳಿ. ಯೋನ ಸಾಯಬೇಕು ಅನ್ನುತ್ತಾನೆ. ಆಗ ದೇವರು ಕೇಳುತ್ತಾನೆ: ನೀನು ನೆಡದ, ಬೆಳೆಸದ, ಒಂದು ರಾತ್ರಿಯಲ್ಲಿ ಹುಟ್ಟಿ ಒಂದು ರಾತ್ರಿಯಲ್ಲಿ ಹೋದ ಗಿಡಕ್ಕೆ ಇಷ್ಟು ಮರುಗುತ್ತೀಯಲ್ಲ, ಎಡಗೈ ಬಲಗೈ ತಿಳಿಯದ ಲಕ್ಷದ ಇಪ್ಪತ್ತು ಸಾವಿರ ಜನ, ಜೊತೆಗೆ ಅಷ್ಟೊಂದು ದನಕರು ಇರುವ ಊರಿಗೆ ನಾನು ಮರುಗಬಾರದೇ? ಅಷ್ಟೇ. ಪುಸ್ತಕ ಮುಗಿಯಿತು. ಯೋನ ಉತ್ತರ ಕೊಡುವುದಿಲ್ಲ. ಕೊನೆಯ ಮಾತು ದನಕರು!

ಈಗ ಖಾಲಿ ಜಾಗಗಳನ್ನು ಪಟ್ಟಿ ಮಾಡಿ. ನನ್ನ ನೋಟ್‌ಬುಕ್‌ನಲ್ಲಿ ಇದ್ದದ್ದು ಹೀಗೆ. ಗುಡಿಸಲು ಇದ್ದ ಮೇಲೆ ನೆರಳಿಗೆ ಗಿಡ ಯಾಕೆ ಬೇಕಾಯಿತು? (ಹಳೆಯ ವ್ಯಾಖ್ಯಾನಕಾರರೂ ಇದನ್ನು ಕೇಳಿದ್ದಾರೆ. ಸೂರಿನ ಸೊಪ್ಪು ಒಣಗಿರಬೇಕು ಅಂತ ಅವರ ಊಹೆ.) ಹುಳ ಆಮೇಲೆ ಎಲ್ಲಿಗೆ ಹೋಯಿತು? ನಿನೆವೆಯ ರಾಜ ಪ್ರಾಣಿಗಳೂ ನೀರು ಕುಡಿಯಬಾರದು, ಗೋಣಿತಟ್ಟು ಹೊದೆಯಬೇಕು ಅಂತ ಆಜ್ಞೆ ಮಾಡಿದ್ದ, ಹಾಗಾದರೆ ಕರು ಇದ್ದ ಎಮ್ಮೆಯ ಕೆಚ್ಚಲು ಆ ದಿನ ಏನಾಯಿತು? ಮನುಷ್ಯರ ತಪ್ಪಿಗೆ ದನ ಯಾಕೆ ಬಾಯಾರಬೇಕು? ಯೋನ ಅಲ್ಲಿಂದ ಎದ್ದು ಹೋದನಾ, ಅಥವಾ ಇನ್ನೂ ಕೂತಿದ್ದಾನಾ?

ಹೀಬ್ರೂ ಓದುವವರು ಇನ್ನೊಂದು ಗಮನಿಸುತ್ತಾರೆ. ಮೀನು, ಗಿಡ, ಹುಳ, ಗಾಳಿ ನಾಲ್ಕಕ್ಕೂ ಒಂದೇ ಕ್ರಿಯಾಪದ: ದೇವರು "ನೇಮಿಸಿದ". ನಾಲ್ಕೂ ಒಂದೇ ಕಚೇರಿಯ ನೌಕರರಿದ್ದ ಹಾಗೆ. ಮೀನಿಗೆ ಇರುವ ಗೌರವವೇ ಹುಳಕ್ಕೂ.

ನಾನು ಹುಳವನ್ನು ಆರಿಸಿಕೊಂಡೆ. ಶುರು ಹೀಗಿತ್ತು:

"ನನಗೆ ಹೇಳಿದ್ದು ಇಷ್ಟೇ: ಬುಡದಲ್ಲಿ ಕಡಿ. ಯಾರ ನೆರಳು ಅಂತ ಹೇಳಿರಲಿಲ್ಲ. ಗಿಡ ಎಳೆಯದು, ಹಾಲು ಸಿಹಿಯಾಗಿತ್ತು. ಬೆಳಗಾದ ಮೇಲೆ ಮೇಲಿನಿಂದ ಒಬ್ಬ ಅಳುವುದು ಕೇಳಿಸಿತು. ನಾನು ಹೊಟ್ಟೆ ತುಂಬಿ ಮಲಗಿದ್ದೆ."

ಇದು ದೊಡ್ಡ ಸಾಹಿತ್ಯ ಅಂತ ಹೇಳುತ್ತಿಲ್ಲ. ಆದರೆ ಅರಣ್ಯ ಇಲಾಖೆಯ ಬೋರ್ಡಂತೂ ಅಲ್ಲ.

ಗಿಡದ ಹೆಸರು ಖಚಿತ ಮಾಡಿಕೊಳ್ಳಿ

ಪರಿಸರದ ಬರಹದಲ್ಲಿ "ಒಂದು ಮರ", "ಒಂದು ಹಕ್ಕಿ" ಅಂತ ಬರೆದರೆ ಓದುಗ ಅಲ್ಲೇ ಕೈ ಬಿಡುತ್ತಾನೆ. ಯಾವ ಮರ? ಯೋನನ ಗಿಡದ ಹೆಸರು ಹೀಬ್ರೂವಿನಲ್ಲಿ ಕಿಕಾಯೋನ್. ಹಳೆಯ ಗ್ರೀಕ್ ಅನುವಾದದಲ್ಲಿ ಅದು ಸೋರೆಯ ಜಾತಿಯ ಬಳ್ಳಿ. ಸಂತ ಜೆರೋಮ್ ಲ್ಯಾಟಿನ್‌ಗೆ ತಂದಾಗ ಐವಿ ಬಳ್ಳಿ ಮಾಡಿದ. ಉತ್ತರ ಆಫ್ರಿಕಾದ ಓಯಾ ಎಂಬ ಊರಿನ ಚರ್ಚಿನಲ್ಲಿ ಈ ಹೊಸ ಅನುವಾದ ಓದಿದಾಗ, ಚಿಕ್ಕಂದಿನಿಂದ ಸೋರೆ ಸೋರೆ ಅಂತ ಕೇಳಿಕೊಂಡು ಬಂದ ಜನ ಗಲಾಟೆ ಎಬ್ಬಿಸಿದರು. ಸಂತ ಆಗಸ್ಟೀನ್ ಇದನ್ನು ಜೆರೋಮ್‌ಗೇ ಪತ್ರ ಬರೆದು ತಿಳಿಸಿದ. ಒಂದು ಗಿಡದ ಹೆಸರಿಗೆ ಅಷ್ಟು ಜಗಳ! ನನಗೆ ಆ ಜನರ ಮೇಲೆ ಪ್ರೀತಿ.

ಇವತ್ತು ಬಹಳಷ್ಟು ವಿದ್ವಾಂಸರು ಅದು ಹರಳುಗಿಡ, ಅಂದರೆ ಔಡಲ, ಎನ್ನುತ್ತಾರೆ. ತಾಲ್ಮುಡ್‌ನಲ್ಲೂ ಈ ಸುಳಿವಿದೆ. ಶಬ್ಬತ್ (ವಾರದ ವಿಶ್ರಾಂತಿಯ ದಿನ) ದೀಪಕ್ಕೆ ಯಾವ ಎಣ್ಣೆ ಆಗುತ್ತದೆ, ಯಾವುದು ಆಗದು ಎಂಬ ಚರ್ಚೆಯಲ್ಲಿ "ಕಿಕ್" ಎಣ್ಣೆ ಬರುತ್ತದೆ. ಅದು ಯೋನನ ಗಿಡದ ಎಣ್ಣೆ ಎಂದು ಒಬ್ಬ ಗುರು ಹೇಳುತ್ತಾನೆ. ಅದೇ ಚರ್ಚೆ ಮುಂದುವರಿದು ಹನುಕ್ಕಾ ದೀಪದ ಕತೆಗೆ ಬಂದು ಸೇರುತ್ತದೆ.

ಹರಳುಗಿಡ ಅಂದ ತಕ್ಷಣ ಕನ್ನಡದವರಿಗೆ ಅದು ದೂರದ ಗಿಡವಾಗಿ ಉಳಿಯುವುದಿಲ್ಲ. ಖಾಲಿ ಸೈಟು, ರೈಲು ಹಳಿ, ತಿಪ್ಪೆಯ ಅಂಚಿನಲ್ಲಿ ಯಾರೂ ನೆಡದೆ ಎದ್ದು ನಿಲ್ಲುತ್ತದೆ. ಅಗಲ ಎಲೆ, ಕೆಂಪು ಛಾಯೆಯ ದಂಟು, ಮುಳ್ಳು ಮುಳ್ಳು ಕಾಯಿ. ಅಜ್ಜಿ ತಲೆಗೆ ತಟ್ಟುತ್ತಿದ್ದ ಎಣ್ಣೆ. ಅದರ ಎಲೆ ತಿಂದೇ ಎರಿ ರೇಷ್ಮೆಹುಳ ಗೂಡು ಕಟ್ಟುತ್ತದೆ. ಅಂದರೆ ಹರಳೆಲೆ ತಿನ್ನುವ ಹುಳ ಎಲ್ಲ ಕಡೆ ಕೇಡಿಗನೇ ಆಗಬೇಕಾಗಿಲ್ಲ. ಹೋಗಿ ಒಂದು ಗಿಡದ ಪಕ್ಕ ಹತ್ತು ನಿಮಿಷ ನಿಂತು ಬನ್ನಿ, ಎಲೆ ಮೇಲೆ ಏನೇನು ಓಡಾಡುತ್ತದೆ ಬರೆದುಕೊಳ್ಳಿ. ಬೀಜ ಮಾತ್ರ ಬಾಯಿಗೆ ಹಾಕಬೇಡಿ, ಮಕ್ಕಳ ಕೈಗೂ ಕೊಡಬೇಡಿ. ವಿಷ.

ಸುಕ್ಕೋತ್‌ನಲ್ಲಿ ಕೈಯಲ್ಲಿ ಹಿಡಿಯುವ ಎತ್ರೋಗ್ ಹಣ್ಣಿಗೂ ಕನ್ನಡದಲ್ಲಿ ಸರಿಯಾದ ಹೆಸರಿದೆ: ಮಾದಲ. "ನಿಂಬೆಯಂಥ ಹಣ್ಣು" ಅಂತ ಬರೆದು ಕೈ ತೊಳೆದುಕೊಳ್ಳಬೇಡಿ.

ರೂಪವನ್ನೇ ಎರವಲು ಪಡೆಯಿರಿ

ಇಲ್ಲಿವರೆಗೆ ಕತೆಯ ಒಳಗಿನಿಂದ ಬರೆದೆವು. ಇನ್ನೊಂದು ದಾರಿ ಇದೆ, ಕವಿತೆ ಬರೆಯುವವರಿಗೆ ಅದೇ ಜಾಸ್ತಿ ಸಹಾಯ. ಪ್ರಾರ್ಥನೆಯ ಅಚ್ಚು ತೆಗೆದುಕೊಂಡು ನಿಮ್ಮ ಹಿಟ್ಟು ಹಾಕುವುದು.

ನನಗೆ ಬಹಳ ಇಷ್ಟವಾದದ್ದು ಹೋಶಾನಾ. ಸುಕ್ಕೋತ್ ದಿನಗಳಲ್ಲಿ ಪ್ರದಕ್ಷಿಣೆ ಹಾಕುತ್ತಾ ಹೇಳುವ ಪುಟ್ಟ ಪ್ರಾರ್ಥನೆಗಳು. ಹೋಶಾನಾ ಅಂದರೆ ಕಾಪಾಡು. ಅವುಗಳಲ್ಲಿ ಒಂದು ಹೀಬ್ರೂ ಅಕ್ಷರಮಾಲೆಯ ಕ್ರಮದಲ್ಲಿ ಸಾಗುತ್ತದೆ. ನೆಲವನ್ನು ಶಾಪದಿಂದ, ದನವನ್ನು ಗರ್ಭಪಾತದಿಂದ, ಕಣವನ್ನು ಮಿಡತೆಯಿಂದ, ಕಾಳನ್ನು ಸುಡುವ ರೋಗದಿಂದ, ಆಲಿವ್ ಕಾಯನ್ನು ಉದುರುವಿಕೆಯಿಂದ... ಹೀಗೆ. ಸುಮಾರು ಪದ ಎರಡೇ: ಬೆಳೆ, ಅದರ ಶತ್ರು. ವಿಶೇಷಣ ಇಲ್ಲ, ಅಳು ಇಲ್ಲ. ಕೃಷಿ ಇಲಾಖೆಯ ಪಟ್ಟಿ ದೇವರ ಮುಂದೆ ಓದಿದ ಹಾಗೆ. ಅದಕ್ಕೇ ಮೈ ಜುಂ ಅನ್ನುತ್ತದೆ.

ಕನ್ನಡಕ್ಕೆ ಈ ಅಚ್ಚು ಚೆನ್ನಾಗಿ ಒಗ್ಗುತ್ತದೆ. ನಾನು ಸುಮ್ನೆ ಪ್ರಯತ್ನಿಸಿದ್ದು:

ಅಡಿಕೆಯನ್ನು ಕೊಳೆರೋಗದಿಂದ ಕಾಪಾಡು
ಆನೆಯನ್ನು ಕರೆಂಟು ಬೇಲಿಯಿಂದ
ಇರುವೆಯನ್ನು ಸಿಮೆಂಟಿನಿಂದ
ಈಚಲನ್ನು ಜೆಸಿಬಿಯಿಂದ
ಉಡವನ್ನು ಉರುಳಿನಿಂದ
ಊರಬಾವಿಯನ್ನು ಬೋರ್‌ವೆಲ್ಲಿನಿಂದ
ಎಮ್ಮೆಯನ್ನು ಪ್ಲಾಸ್ಟಿಕ್ಕಿನಿಂದ
ಏಲಕ್ಕಿಯನ್ನು ಕಟ್ಟೆರೋಗದಿಂದ ಕಾಪಾಡು

ಋ ಹಾರಿಸಿದೆ, ಐ ಹತ್ತಿರ ಬಂದು ನಿಂತುಬಿಟ್ಟೆ. ನಿಮಗೆ ಹೊಳೆದರೆ ಮುಂದುವರಿಸಿ. ನಿಯಮ ಎರಡು: ಪ್ರತಿ ಸಾಲಿನ ಶತ್ರು ನಿಜವಾದದ್ದಾಗಿರಬೇಕು, ನೀವು ನೋಡಿದ್ದೋ ಕೇಳಿದ್ದೋ ಆಗಿರಬೇಕು. ಮತ್ತೆ "ದುರಾಸೆಯಿಂದ", "ಮನುಷ್ಯನಿಂದ" ಅಂತ ಬರೆಯುವಂತಿಲ್ಲ. ಅಂಥ ಒಂದು ಪದ ಬಂದರೆ ಪಟ್ಟಿ ಭಾಷಣವಾಗುತ್ತದೆ.

ಎರಡನೇ ಅಚ್ಚು ಪೆಸಾಖ್‌ನ ಹತ್ತು ಹನಿ. ಆ ರಾತ್ರಿ ಈಜಿಪ್ಟಿನ ಹತ್ತು ಪಿಡುಗುಗಳ ಹೆಸರು ಹೇಳುತ್ತಾ ಒಂದೊಂದಕ್ಕೂ ಲೋಟದಿಂದ ಒಂದು ಹನಿ ದ್ರಾಕ್ಷಾರಸ ಹೊರಗೆ ತೆಗೆಯುತ್ತಾರೆ. ಶತ್ರುವೇ ಆದರೂ ಅವರು ನರಳಿದಾಗ ನಮ್ಮ ಲೋಟ ತುಂಬಿರಬಾರದು ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ಇದನ್ನು ರೂಪ ಮಾಡಿಕೊಳ್ಳಿ: ಮೊದಲ ಸಾಲು ಹತ್ತು ಪದ, ಎರಡನೆಯದು ಒಂಬತ್ತು, ಕೊನೆಯದು ಒಂದು. ಲೋಟ ಬರಿದಾಗುವುದು ಪುಟದ ಮೇಲೇ ಕಾಣುತ್ತದೆ. ಆದರೆ ದಯವಿಟ್ಟು "ಹತ್ತು ಹೊಸ ಪಿಡುಗುಗಳು: ಪ್ರವಾಹ, ಬರ, ಹೊಗೆ..." ಅಂತ ಮಾಡಬೇಡಿ. ಅದು ಈಗಾಗಲೇ ನೂರು ಸಲ ಆಗಿಹೋಗಿದೆ. ಅದರ ಬದಲು ಬೈಬಲಿನ ವಿಮೋಚನಕಾಂಡದ ಏಳನೇ ಅಧ್ಯಾಯ ತೆರೆದು ನೋಡಿ. ನೈಲ್ ನದಿ ರಕ್ತವಾದ ಮೇಲೆ ಮೀನು ಸತ್ತವು, ನದಿ ನಾರಿತು, ಈಜಿಪ್ಟಿನವರು ಕುಡಿಯುವ ನೀರಿಗಾಗಿ ನದಿಯ ಸುತ್ತ ನೆಲ ಅಗೆದರು. ನದಿ ದಡದಲ್ಲೇ ನಿಂತು ನೀರಿಗೆ ಗುಂಡಿ ತೋಡುವವರು! ಯಾರ ಹೆಸರೂ ಇಲ್ಲದ ಆ ಜನರಲ್ಲಿ ಒಬ್ಬಳ ಕೈಗೆ ಹಾರೆ ಕೊಟ್ಟು ಬರೆಯಿರಿ.

ಮೂರನೆಯದು ಅದೇ ರಾತ್ರಿಯ ದಯೇನು ಹಾಡು. ದೇವರು ಇಷ್ಟೇ ಮಾಡಿ ನಿಲ್ಲಿಸಿದ್ದರೂ ನಮಗೆ ಸಾಕಿತ್ತು, ಅಷ್ಟೇ ಮಾಡಿದ್ದರೂ ಸಾಕಿತ್ತು ಅಂತ 15 ಮೆಟ್ಟಿಲು ಏರುತ್ತದೆ. ಇಲ್ಲಿ ಕನ್ನಡಕ್ಕೆ ಒಂದು ಲಾಟರಿ ಹೊಡೆದಿದೆ. ನಮ್ಮ "ಸಾಕು" ಎಂಬ ಪದಕ್ಕೆ ಎರಡು ಅರ್ಥ: ಬೇಕಾದಷ್ಟಾಯಿತು, ಮತ್ತು ಪೋಷಿಸು. ಹಸು ಸಾಕು, ಮಗು ಸಾಕು. "ಸಾಕು" ಎಂದು ಮುಗಿಯುವ ಹದಿನೈದು ಸಾಲು ಬರೆಯಿರಿ, ಮೊದಲ ಏಳೆಂಟರಲ್ಲಿ ಒಂದು ಅರ್ಥ, ಎಲ್ಲೋ ಮಧ್ಯದಲ್ಲಿ ಓದುಗನಿಗೆ ಗೊತ್ತಾಗದ ಹಾಗೆ ಇನ್ನೊಂದಕ್ಕೆ ಜಾರಿಸಿ. ಹೀಬ್ರೂ ಕವಿಗೂ ಸಿಗದ ಸೌಲಭ್ಯ ಇದು.

ಹನುಕ್ಕಾಗೆ ಬಂದರೆ ಸೋತವನ ನಿಯಮ ಬಳಸಿ. ದೀಪ ಹಚ್ಚುವುದು ಮೊದಲ ದಿನ 1, ಕೊನೆಗೆ 8 ಅಂತ ಹಿಲ್ಲೆಲ್ ಪಕ್ಷ. ಇವತ್ತು ನಡೆಯುವುದೂ ಹಾಗೆಯೇ. ಶಮ್ಮೈ ಪಕ್ಷ 8ರಿಂದ 1ಕ್ಕೆ ಇಳಿಯಬೇಕು ಅಂದಿತ್ತು. ಕರಗುತ್ತಿರುವ ಯಾವುದರ ಬಗ್ಗೆಯಾದರೂ, ಹಿಮ, ಅಂತರ್ಜಲ, ಗುಬ್ಬಿ, ಎಂಟು ತುಣುಕಿನ ಬರಹಕ್ಕೆ ಶಮ್ಮೈಯ ಲೆಕ್ಕವೇ ಸರಿ. ದೀಪ ಬೇಗ ಉರಿದು ಎಣ್ಣೆ ಸುಮ್ಮನೆ ಖರ್ಚಾಗುವ ಹಾಗೆ ಮಾಡುವುದು ಹಾಳುಗೆಡವುವ ಪಾಪ ಎಂದೂ ತಾಲ್ಮುಡ್‌ನಲ್ಲಿ ಒಬ್ಬರು ಹೇಳಿದ್ದಾರೆ. ಆ ಪಾಪಕ್ಕೆ ಬಾಲ್ ತಶ್ಖಿತ್ ಎಂದು ಹೆಸರು, ಅದರ ಬೇರು ಧರ್ಮೋಪದೇಶಕಾಂಡದಲ್ಲಿದೆ: ಊರಿಗೆ ಮುತ್ತಿಗೆ ಹಾಕಿದಾಗಲೂ ಅಲ್ಲಿನ ಹಣ್ಣಿನ ಮರ ಕಡಿಯಬಾರದು.

ಕತೆಯನ್ನು ಕೊನೆವರೆಗೂ ಓದಿ

ಇದು ಚಿಕ್ಕ ಮಾತು, ಆದರೆ ಬಿಡುವಂತಿಲ್ಲ. ತು ಬಿಶ್ವಾತ್ ಬಂದರೆ ಸಾಕು, ತಾಲ್ಮುಡ್‌ನಲ್ಲಿ ಬರುವ ಹೋನಿ ಎಂಬ ಗುರುವಿನ ಕತೆ ಎಲ್ಲ ಕಡೆ ಹರಿದಾಡುತ್ತದೆ. ಹೋನಿ ದಾರಿಯಲ್ಲಿ ಕ್ಯಾರಬ್ ಎಂಬ ಹಣ್ಣಿನ ಗಿಡ ನೆಡುವವನನ್ನು ಕಂಡ. ಇದು ಹಣ್ಣು ಬಿಡಲು ಎಷ್ಟು ವರ್ಷ? 70. ಅಲ್ಲಿವರೆಗೆ ನೀನು ಇರುತ್ತೀಯಾ? ನನ್ನ ಹಿರಿಯರು ನನಗೆ ನೆಟ್ಟರು, ನಾನು ನನ್ನ ಮಕ್ಕಳಿಗೆ ನೆಡುತ್ತೇನೆ. ಚಪ್ಪಾಳೆ. ಎಲ್ಲರೂ ಇಲ್ಲಿಗೆ ನಿಲ್ಲಿಸುತ್ತಾರೆ.

ತಾಲ್ಮುಡ್ ನಿಲ್ಲಿಸುವುದಿಲ್ಲ. ಹೋನಿ ಅಲ್ಲೇ ನಿದ್ದೆ ಹೋಗಿ 70 ವರ್ಷ ಮಲಗಿಬಿಡುತ್ತಾನೆ. ಎದ್ದಾಗ ನೆಟ್ಟವನ ಮೊಮ್ಮಗ ಹಣ್ಣು ಕೀಳುತ್ತಿದ್ದಾನೆ. ಹೋನಿ ಮನೆಗೆ ಹೋದರೆ ಮಗ ಸತ್ತಿದ್ದಾನೆ, ಇವನೇ ಹೋನಿ ಅಂತ ಯಾರೂ ನಂಬುವುದಿಲ್ಲ. ಪಾಠಶಾಲೆಗೆ ಹೋದರೆ ಅಲ್ಲೂ ನಂಬುವುದಿಲ್ಲ, "ಹೋನಿಯ ಕಾಲದಲ್ಲಿ ಇದ್ದ ಹಾಗೆ ಪಾಠ ಇವತ್ತು ಸ್ಪಷ್ಟವಾಯಿತು" ಅಂತ ಅವನ ಎದುರೇ ಮಾತಾಡಿಕೊಳ್ಳುತ್ತಾರೆ. ನೊಂದು, ಸಾವು ಬೇಡಿ ಸಾಯುತ್ತಾನೆ. ಮರ ಉಳಿಯಿತು, ಗುರುತು ಹಿಡಿಯುವವರು ಉಳಿಯಲಿಲ್ಲ. ನೀವು ಬರೆಯಬೇಕಾದದ್ದು ಈ ದ್ವಿತೀಯಾರ್ಧ. ಮೊದಲರ್ಧವನ್ನು ಗ್ರೀಟಿಂಗ್ ಕಾರ್ಡಿನವರಿಗೆ ಬಿಡಿ.

ನೆಲದ ವಿವರ ತಪ್ಪಬೇಡಿ

ಕತೆಯನ್ನು ಆ ನೆಲದಲ್ಲೇ ಇಡುವುದಾದರೆ ಸ್ವಲ್ಪ ಹೋಂವರ್ಕ್ ಮಾಡಿ. 2010ರ ಡಿಸೆಂಬರ್ 2ರಂದು ಹೈಫಾ ಪಕ್ಕದ ಕಾರ್ಮೆಲ್ ಬೆಟ್ಟಕ್ಕೆ ಬೆಂಕಿ ಬಿತ್ತು. 44 ಜನ ಸತ್ತರು. ಹಿಂದಿನ ಸಂಜೆಯಷ್ಟೇ ಹನುಕ್ಕಾದ ಮೊದಲ ದೀಪ ಹಚ್ಚಿದ್ದರು. ಮೃತ ಸಮುದ್ರದ ಮಟ್ಟ ವರ್ಷಕ್ಕೆ ಸುಮಾರು ಒಂದು ಮೀಟರಿನಷ್ಟು ಇಳಿಯುತ್ತಿದೆ. ಅದಕ್ಕೆ ನೀರುಣಿಸುವ ಜೋರ್ಡಾನ್ ನದಿಯನ್ನು ಇಸ್ರೇಲ್, ಜೋರ್ಡಾನ್, ಸಿರಿಯಾ ಮೂರೂ ದೇಶಗಳು ಮೇಲೆಯೇ ತಿರುಗಿಸಿಕೊಂಡಿವೆ. ದಡದಲ್ಲಿ ನೆಲ ಕುಸಿದು ದೊಡ್ಡ ದೊಡ್ಡ ಗುಂಡಿ ಬೀಳುತ್ತಿವೆ. "ನದಿಗಳೆಲ್ಲ ಸಮುದ್ರಕ್ಕೆ ಹೋದರೂ ಸಮುದ್ರ ತುಂಬುವುದಿಲ್ಲ" ಎಂದ ಪ್ರಸಂಗಿಯ ಮಾತನ್ನು ಈಗ ಆ ದಡದಲ್ಲಿ ನಿಂತು ಓದಿದರೆ ಹೇಗಿರುತ್ತದೆ?

ಮರ ನೆಡುವುದೂ ಅಲ್ಲಿ ಅಷ್ಟು ಸರಳ ವಿಷಯವಲ್ಲ. ತು ಬಿಶ್ವಾತ್ ದಿನ ಶಾಲಾ ಮಕ್ಕಳನ್ನು ಕರೆದುಕೊಂಡು ಹೋಗಿ ಗಿಡ ನೆಡುವ ಪದ್ಧತಿ 1890ರಲ್ಲಿ ಜಿಖ್ರೋನ್ ಯಾಕೋವ್ ಎಂಬ ಊರಿನಲ್ಲಿ ಶುರುವಾಯಿತು. ಮುಂದೆ ಅದು ಬಹಳ ದೊಡ್ಡದಾಗಿ ಬೆಳೆಯಿತು. ಹಾಗೆ ನೆಟ್ಟ ಕೆಲವು ಕಾಡುಗಳ ಕೆಳಗೆ ಖಾಲಿಯಾದ ಪ್ಯಾಲೆಸ್ಟೀನಿ ಹಳ್ಳಿಗಳ ಕಲ್ಲುಗಳಿವೆ. ಕೆನಡಾ ಪಾರ್ಕ್ ಎಂಬ ಕಾಡು 1967ರಲ್ಲಿ ಬರಿದಾದ ಹಳ್ಳಿಗಳ ಜಾಗದಲ್ಲಿದೆ. ಇದನ್ನೆಲ್ಲ ನೀವು ಬರೆಯಲೇಬೇಕು ಅಂತಿಲ್ಲ. ಆದರೆ "ಹಸಿರು ಅಂದರೆ ಒಳ್ಳೆಯದು" ಎಂಬ ಒಂದೇ ಬಣ್ಣದಲ್ಲಿ ಬರೆದರೆ ನೆಲ ಗೊತ್ತಿರುವ ಓದುಗ ನಗುತ್ತಾನೆ.

ನಮ್ಮ ಪಕ್ಕದಲ್ಲೇ ಒಂದು ಕೊಂಡಿ ಇದೆ, ಅದನ್ನೂ ಹೇಳಿಬಿಡುತ್ತೇನೆ. ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಯಹೂದಿಗಳಿಗೆ ತು ಬಿಶ್ವಾತ್ ಅಂದರೆ ಪ್ರವಾದಿ ಎಲೀಯನ ದಿನವೂ ಹೌದು. ಅವರು ಅಂದು ಮಲಿದಾ ಮಾಡುತ್ತಾರೆ: ಅವಲಕ್ಕಿ, ತೆಂಗಿನತುರಿ, ಸಕ್ಕರೆ, ಏಲಕ್ಕಿ, ಜೊತೆಗೆ ಹಣ್ಣುಗಳು. ಬಾದಾಮಿ ಹೂವಿನ ಹಬ್ಬ ಕೊಂಕಣಕ್ಕೆ ಬಂದು ಅವಲಕ್ಕಿಯಾಯಿತು. ಕನ್ನಡದಲ್ಲಿ ಬರೆಯುವವರಿಗೆ ಸಫೇದ್ ಊರಿನ ಕಬ್ಬಾಲಾ (ಯಹೂದಿ ಅನುಭಾವ) ಗುರುಗಳಿಗಿಂತ ಈ ತಟ್ಟೆ ಹತ್ತಿರ.

ಕತ್ತರಿ ಮತ್ತು ಮರ್ಯಾದೆ

ಮೊದಲ ಕರಡು ಆದ ಮೇಲೆ ಎರಡು ದಿನ ಬಿಡಿ. ಆಮೇಲೆ "ಬೇಕು", "ಬಾರದು", "ಓಣ" ಎಂದು ಮುಗಿಯುವ ಸಾಲುಗಳನ್ನೆಲ್ಲ ಹೊಡೆದುಹಾಕಿ. ಕೊನೆಯ ಪ್ಯಾರಾ ತೆಗೆದು ಓದಿ ನೋಡಿ. ಹತ್ತರಲ್ಲಿ ಎಂಟು ಸಲ ಅದಿಲ್ಲದೇ ಚೆನ್ನಾಗಿರುತ್ತದೆ. ಯೋನನ ಕತೆಯೇ ದನಕರುವಿನ ಮೇಲೆ ಪ್ರಶ್ನೆಚಿಹ್ನೆ ಹಾಕಿ ನಿಂತಿರುವಾಗ ನಮಗೇನು ಅಷ್ಟು ಅವಸರ.

ಮರ್ಯಾದೆಯ ವಿಷಯ ಎರಡು ಮಾತು. ಕನ್ನಡ ಸತ್ಯವೇದದಲ್ಲಿ ದೇವರ ನಾಲ್ಕಕ್ಷರದ ಹೆಸರನ್ನು ಯೆಹೋವ ಅಂತ ಬರೆದಿರುತ್ತದೆ, ಯಹೂದಿಗಳು ಅದನ್ನು ಬಾಯಲ್ಲಿ ಹೇಳುವುದೇ ಇಲ್ಲ. ನಿಮ್ಮ ಬರಹದಲ್ಲಿ "ದೇವರು" ಅನ್ನಿ, ಯಾರಿಗೂ ನೋವಿಲ್ಲ. ಎರಡನೆಯದು, ಇವು ಇವತ್ತೂ ಬದುಕಿರುವ ಜನರ ಪ್ರಾರ್ಥನೆಗಳು. ಅಚ್ಚು ಎರವಲು ಪಡೆದರೆ ಎಲ್ಲಿಂದ ಪಡೆದದ್ದು ಅಂತ ಒಂದು ಸಾಲು ಹಾಕಿ. ಹೊಸದು ಬರೆಯುವುದಕ್ಕೆ ಅಲ್ಲಿ ಅಡ್ಡಿ ಏನಿಲ್ಲ. ಇಸ್ರೇಲಿನ ಕಿಬ್ಬುಟ್ಜ್ ಎಂಬ ಸಾಮೂಹಿಕ ಹಳ್ಳಿಗಳಲ್ಲಿ ಬೇಸಾಯ ಮಾಡುತ್ತಿದ್ದವರು ವಸಂತ, ಹೊಲ, ಮಳೆ ಎಲ್ಲ ಸೇರಿಸಿ ತಮ್ಮದೇ ಹಗ್ಗಾದಾ ಬರೆದುಕೊಳ್ಳುತ್ತಿದ್ದರು.

ಎಲ್ಲ ಮುಗಿದ ಮೇಲೆ ಜೋರಾಗಿ ಓದಿ, ಆದರೆ ಮನೆಯೊಳಗಲ್ಲ. ಸುಕ್ಕಾದ ಸೂರು ನೆಲದಲ್ಲಿ ಬೆಳೆದ ಸೊಪ್ಪಿನದೇ ಆಗಿರಬೇಕು, ಅದರ ಸಂದಿಯಿಂದ ನಕ್ಷತ್ರ ಕಂಡರೆ ಒಳ್ಳೆಯದು ಎನ್ನುತ್ತಾರೆ. ಮಳೆ ಬಂದರೆ ಒಳಗೆ ನೀರು ಬೀಳುತ್ತದೆ. ತಾರಸಿಗೋ ಅಂಗಳಕ್ಕೋ ಹೋಗಿ ಓದಿ. ನಾಯಿ ಬೊಗಳುತ್ತದೆ, ಸೊಳ್ಳೆ ಕಚ್ಚುತ್ತದೆ, ಅದರ ನಡುವೆಯೂ ಯಾವ ಸಾಲು ನಿಲ್ಲುತ್ತದೆ ಅಂತ ಗೊತ್ತಾಗುತ್ತದೆ. ನನ್ನ ಆ ಹದಿನಾರು ಸಾಲಿನಲ್ಲಿ ಈಗ ಉಳಿದಿರುವುದು ಎರಡು. ನೋಹ ಇಲ್ಲ, ಪ್ರವಾಹ ಇಲ್ಲ. ಮೂರನೇ ಸಲ ಹೊರಗೆ ಬಿಟ್ಟಾಗ ವಾಪಸ್ ಬಾರದ ಪಾರಿವಾಳ ಮಾತ್ರ ಇದೆ, ಅದಕ್ಕೆ ಯಾವ ಮರ ಸಿಕ್ಕಿತು ಅಂತ ಇನ್ನೂ ಬರೆಯಲಾಗಿಲ್ಲ.